ಬೀದಿಯಲ್ಲಿ ಗಣಪತಿ ಕೂರಿಸಲು ಯಾರ ಅನುಮತಿ ಬೇಕು?

ಪ್ರಶ್ನೆ: ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಈ ಸಲ ಮೂರು ದಿನ ಗಣಪತಿ ಕೂರಿಸುತ್ತಿದ್ದೇವೆ. ಮೈಕ್ ಹಾಕಿದರೆ ಪೊಲೀಸರಿಗೆ ದೂರು ಕೊಡುವುದಾಗಿ ಎದುರು ಮನೆಯ ಹಿರಿಯರು ಹೇಳುತ್ತಿದ್ದಾರೆ. ಧರ್ಮಾಚರಣೆ ಸಂವಿಧಾನ ಕೊಟ್ಟ ಹಕ್ಕಲ್ಲವೇ? ವಿಸರ್ಜನೆಯ ನಂತರ ಪಾರ್ಕಿನ ಮೂಲೆಯಲ್ಲಿ ಸಣ್ಣ ಗುಡಿ ಕಟ್ಟುವ ಯೋಚನೆಯೂ ಇದೆ. ಅನುಭವವಿದ್ದವರು ತಿಳಿಸಿ.

ವಕೀಲ: ಹಕ್ಕು ಹೌದು. ಆದರೆ 25ನೇ ವಿಧಿ ಶುರುವಾಗುವುದೇ ‘ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು’ ಎಂದು. ಪೂಜೆಗೆ ಅಲ್ಲಿ ರಕ್ಷಣೆಯಿದೆ, ಮೈಕಿಗಿಲ್ಲ. 2000ದಲ್ಲಿ ಚೆನ್ನೈನ ಚರ್ಚೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ನೆರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸಿಲ್ಲ. ಸೋತದ್ದು ಚರ್ಚು, ಮಸೀದಿಗೂ ನಿಮ್ಮ ಪೆಂಡಾಲಿಗೂ ಅದೇ ಮಾತು.

ಗಣೇಶೋತ್ಸವ ಸಮಿತಿಯವನು: ಠಾಣೆ, ಪಾಲಿಕೆ, ಬೆಸ್ಕಾಂ, ಅಗ್ನಿಶಾಮಕ, ನಾಲ್ಕೂ ಕಡೆಯ ಒಪ್ಪಿಗೆ ಪಡೆಯಿರಿ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಪಡೆದು, ಪ್ರತಿಯನ್ನು ಪೆಂಡಾಲಿನಲ್ಲೇ ಇಟ್ಟುಕೊಳ್ಳಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆಂದು ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಅದು ನಿಮಗೆ ತಾನಾಗಿ ಸಿಗುತ್ತದೆಂದು ಭಾವಿಸಬೇಡಿ. ಪಕ್ಕದ ಬೀದಿಯ ಆರ್ಕೆಸ್ಟ್ರಾದವರು ‘ಇದೊಂದೇ ಹಾಡು’ ಎನ್ನುತ್ತಾ ಹತ್ತೂವರೆ ದಾಟಿಸಿದರು. ಜೀಪಿನಲ್ಲಿ ಬಂದವರು ಏನೂ ಮಾತನಾಡದೆ ವೈರ್ ಕಿತ್ತು ಆಂಪ್ಲಿಫೈಯರನ್ನು ಹಿಂದಿನ ಸೀಟಿಗೆ ಹಾಕಿಕೊಂಡು ಹೋದರು. ಗಾಯಕರು ಮಾತ್ರ ಮೈಕಿಲ್ಲದೆಯೇ ಚರಣ ಮುಗಿಸಿದರು!

ಎದುರು ಮನೆಯಂಥ ಮನೆಯವಳು: 112ಕ್ಕೆ ಕರೆ ಮಾಡುತ್ತಿದ್ದವರಲ್ಲಿ ನಾನೂ ಒಬ್ಬಳು. ನಮ್ಮತ್ತೆಗೆ ಹೃದಯದ ತೊಂದರೆ. ಬಾಸ್ ಬಡಿತಕ್ಕೆ ಕಿಟಕಿಯ ಗಾಜು ಅದುರುತ್ತಿತ್ತು. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯದು 45. ಕೊನೆಗೆ ಹುಡುಗರೇ ಬಂದು ಸ್ಪೀಕರನ್ನು ಪೆಂಡಾಲಿನ ಒಳಮುಖಕ್ಕೆ ತಿರುಗಿಸಿ, ಮಂಗಳಾರತಿಯ ಸಮಯ ಬರೆದುಕೊಟ್ಟು ಹೋದರು. ಮರುವರ್ಷ ಒಂದು ಹೊತ್ತಿನ ಚರುಪಿಗೆ ಕಡಲೆ ನಾನೇ ಕೊಟ್ಟೆ. ಆ ಹಿರಿಯರ ಬಳಿ ಮೊದಲು ನೀವೇ ಹೋಗಿ, ಚಂದಾ ಪುಸ್ತಕ ಮನೆಯಲ್ಲೇ ಬಿಟ್ಟು.

ಪಾಲಿಕೆಯಿಂದ ನಿವೃತ್ತನಾದವನು: ಗುಡಿಯ ಮಾತು ಬಿಡಿ. ರಸ್ತೆ, ಉದ್ಯಾನ ಮೊದಲಾದ ಸಾರ್ವಜನಿಕ ಜಾಗಗಳಲ್ಲಿ ಹೊಸದಾಗಿ ಯಾವ ಧರ್ಮದ ಕಟ್ಟಡವೂ ಏಳಬಾರದೆಂದು ಸುಪ್ರೀಂ ಕೋರ್ಟ್ 2009ರಲ್ಲೇ ಆದೇಶಿಸಿದೆ. ನಂಜನಗೂಡು ತಾಲ್ಲೂಕಿನಲ್ಲಿ ದೇವಸ್ಥಾನ ಕೆಡವಿದ ಗಲಾಟೆಯ ನಂತರ ರಾಜ್ಯ ತಂದ 2021ರ ಕಾಯ್ದೆ ರಕ್ಷಿಸುವುದು ಆಗಲೇ ಇದ್ದ ಕಟ್ಟಡಗಳನ್ನು, ಇನ್ನು ಮೇಲೆ ಕಟ್ಟುವವನ್ನಲ್ಲ. ಪೆಂಡಾಲ್ ಬಿಚ್ಚಿದ ದಿನವೇ ಕಂಬದ ಗುಂಡಿಗಳನ್ನು ಮುಚ್ಚಿಸಿ. ಮುಂದಿನ ವರ್ಷ ಅರ್ಜಿ ಹಿಡಿದು ಹೋದಾಗ ಅಧಿಕಾರಿ ಮೊದಲು ಕೇಳುವುದು ಅದನ್ನೇ.