"ಸಿಡ್ನಿ, 1950" ಅಂತ ಹೆಸರಿರುವ ಹಳೇ ರೀಲು: ನಿಜವಾದ ವರ್ಷ ಪತ್ತೆ ಮಾಡೋದು ಹೇಗೆ?

ಶರಾವತಿ_ತೀರ

ಆಸ್ಟ್ರೇಲಿಯಾದ ಜನಜೀವನದ ಬಗ್ಗೆ ಕನ್ನಡ ನಿರೂಪಣೆಯ ಕಿರುಚಿತ್ರವೊಂದಕ್ಕೆ ಹಳೆಯ ದೃಶ್ಯಗಳನ್ನು ಜೋಡಿಸುತ್ತಿದ್ದೇನೆ. ಅದರಲ್ಲಿ ಒಂದು ಫೈಲು ನಾಲ್ಕು ನಿಮಿಷದ್ದು, ಧ್ವನಿ ಇಲ್ಲ, "ಸಿಡ್ನಿ, 1950" ಎಂಬ ಹೆಸರು ಬಿಟ್ಟರೆ ಬೇರೆ ಮಾಹಿತಿ ಇಲ್ಲ. ಮೂರು ದೃಶ್ಯಗಳಿವೆ.

1. ಕಪ್ಪು ಬಿಳುಪು. ಫೆರಿ ಮೇಲಿಂದ ಸಿಡ್ನಿಯ ಫೆರಿ ನಿಲ್ದಾಣ ಸರ್ಕ್ಯುಲರ್ ಕೀ. ಕ್ಯಾಮೆರಾ ಎಡದಿಂದ ಬಲಕ್ಕೆ ತಿರುಗುತ್ತದೆ: ಕೋಟೆಯಂಥ ಕಟ್ಟಡ, ಎತ್ತರಿಸಿದ ಹಳಿಯ ಮೇಲೆ ಬಂದು ನಿಲ್ಲುವ ರೈಲು, ಕೊನೆಗೆ ಹಾರ್ಬರ್ ಸೇತುವೆ.
2. ಕಪ್ಪು ಬಿಳುಪು. ಪಬ್ ಒಳಗೆ ಗಂಡಸರ ನೂಕುನುಗ್ಗಲು. ಗೋಡೆಗೆ ಟೈಲ್ಸ್, ಗಡಿಯಾರದಲ್ಲಿ ಆರಕ್ಕೆ ಹತ್ತು ನಿಮಿಷ.
3. ಬಣ್ಣ. ಕಡಲತೀರ, ಟೋಪಿ ಹಾಕಿದ ಲೈಫ್‌ಸೇವರ್‌ಗಳು, ಸರ್ಫ್‌ಬೋರ್ಡ್‌ಗಳು.

ಮೊದಲೆರಡರಲ್ಲಿ ಜನ ಓಡುವ ಹಾಗೆ ನಡೆಯುತ್ತಾರೆ. ಇದು 1950 ಹೌದೇ? ವೇಗ ಸರಿಪಡಿಸುವುದು ಹೇಗೆ? ಇದರ ಜೊತೆಗೆ 1956ರ ಟಿವಿಯ ಮೊದಲ ರಾತ್ರಿಯ ತುಣುಕನ್ನೂ ಸೇರಿಸಬೇಕೆಂದಿದ್ದೇನೆ. ಅದಕ್ಕೆ 1956 ಎಂದೇ ಹಾಕಬಹುದೇ?

ಹಳೇರೀಲು

1950 ಖಂಡಿತ ಅಲ್ಲ. ಮೊದಲ ದೃಶ್ಯವೇ ಹೇಳುತ್ತದೆ.

ಸರ್ಕ್ಯುಲರ್ ಕೀ ರೈಲು ನಿಲ್ದಾಣ ತೆರೆದದ್ದು 1956ರ ಜನವರಿ 22ರಂದು. ಕಂಬ, ಗೋಡೆಗಳ ಕೆಲಸ ವರ್ಷಗಳಿಂದ ನಡೆದಿತ್ತು. ಆದ್ದರಿಂದ ಕಟ್ಟಡ ಕಂಡರೆ ಸಾಲದು, ರೈಲು ನಿಲ್ಲಬೇಕು. ನಿಮ್ಮಲ್ಲಿ ನಿಲ್ಲುತ್ತಿದೆ, ಅಂದರೆ ದೃಶ್ಯ ಅದಕ್ಕಿಂತ ಹಿಂದಿನದಲ್ಲ. ಯಾವಾಗಿನ ನಂತರದ್ದಲ್ಲ ಎಂಬುದನ್ನು ಕೋಟೆಯಂಥ ಕಟ್ಟಡ ಹೇಳುತ್ತದೆ. ಮೇಲೆ ಕೋಟೆಗೋಡೆಯಂಥ ಹಲ್ಲು ಹಲ್ಲಾದ ಅಂಚಿದ್ದರೂ ಅದು ಕೋಟೆಯಲ್ಲ, ಬೆನೆಲಾಂಗ್ ಪಾಯಿಂಟ್‌ನಲ್ಲಿದ್ದ ಫೋರ್ಟ್ ಮ್ಯಾಕ್ವಾರಿ ಟ್ರಾಮ್ ಡಿಪೋ. ಅದನ್ನು 1958ರಲ್ಲಿ ಕೆಡವಿದರು. 1959ರ ಮಾರ್ಚ್‌ನಲ್ಲಿ ಅದೇ ಜಾಗದಲ್ಲಿ ಆಪೆರಾ ಹೌಸ್ ಕೆಲಸ ಶುರುವಾಯಿತು.

ಇನ್ನೂ ಬಿಗಿ ಮಾಡಬಹುದು. ರೈಲು ಹಳಿಯ ಮೇಲಿನ ಅಂತಸ್ತಿನಲ್ಲಿ ಕಾರು ಓಡುತ್ತಿವೆಯೇ ನೋಡಿ. ಆ ರಸ್ತೆ, ಕಾಹಿಲ್ ಎಕ್ಸ್‌ಪ್ರೆಸ್‌ವೇ, ತೆರೆದದ್ದು 1958ರ ಮಾರ್ಚ್‌ನಲ್ಲಿ. ಕಾರು ಕಂಡರೆ 1958ರ ಕೆಲವೇ ತಿಂಗಳಿಗೆ ಬಂದು ನಿಲ್ಲುತ್ತೀರಿ.

ಇನ್ನೊಂದು: ಫೆರಿಯಿಂದ ನಗರದ ಕಡೆ ನೋಡಿದರೆ ಡಿಪೋ ಎಡಕ್ಕೂ ಸೇತುವೆ ಬಲಕ್ಕೂ ಬರಬೇಕು. ನಿಮ್ಮದು ಸರಿಯಿದೆ. ಅದಲುಬದಲಾಗಿದ್ದರೆ ಫಿಲ್ಮನ್ನು ತಿರುವಿಟ್ಟು ಸ್ಕ್ಯಾನ್ ಮಾಡಿದ್ದಾರೆ ಎಂದರ್ಥ. 16 ಮಿಮೀ ಪ್ರತಿಗಳಲ್ಲಿ ಇದು ಆಗುತ್ತಿರುತ್ತದೆ. ಅಂಗಡಿ ಬೋರ್ಡಿನ ಅಕ್ಷರ ಓದಿ ನೋಡಿದರೆ ತಕ್ಷಣ ತಿಳಿಯುತ್ತದೆ.

ಶರಾವತಿ_ತೀರ

ಧನ್ಯವಾದ ಸರ್. ಮೇಲಿನ ಅಂತಸ್ತಿನಲ್ಲಿ ಕಾರುಗಳಿಲ್ಲ, ಒಂದು ಕ್ರೇನ್ ಇದೆ. ಹಾಗಾದರೆ ಪಬ್ ದೃಶ್ಯವೂ 1956-58 ಎನ್ನಬಹುದಲ್ಲವೇ?

ಹಳೇರೀಲು

ಬೇಡ. ಪಬ್ಬಿನ ಗಡಿಯಾರವೇ ಅದನ್ನು ತಡೆಯುತ್ತದೆ.

ಆರಕ್ಕೆ ಹತ್ತು ನಿಮಿಷ ಇರುವಾಗ ಅಷ್ಟು ಗದ್ದಲ ಎಂದರೆ ಪಬ್ಬುಗಳು ಸಂಜೆ ಆರಕ್ಕೇ ಬಾಗಿಲು ಮುಚ್ಚಬೇಕೆಂಬ ಕಾನೂನಿದ್ದ ಕಾಲ. ಐದಕ್ಕೆ ಕೆಲಸ ಬಿಟ್ಟು ಬಂದವರಿಗೆ ಕುಡಿಯಲು ಒಂದೇ ಗಂಟೆ. ಹಾಗಾಗಿ ಬಾರಿನ ಮುಂದೆ ಮೂರು ನಾಲ್ಕು ಸಾಲು ನಿಲ್ಲುತ್ತಿತ್ತು. ಕುರ್ಚಿ ಮೇಜು ಇರುತ್ತಿರಲಿಲ್ಲ. ಗೋಡೆಗೆ ಟೈಲ್ಸ್ ಹಾಕಿದ್ದು ಕೊನೆಗೆ ಪೈಪಿನಲ್ಲಿ ನೀರು ಬಿಟ್ಟು ತೊಳೆಯಲು ಅನುಕೂಲ ಅಂತ. ಆ ಕಾಲದ ದುಡಿಯುವ ಗಂಡಸರ ಸಂಜೆ ಹೇಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಶ್ಯ ಸಿಗುವುದು ಕಷ್ಟ, ದಯವಿಟ್ಟು ಕತ್ತರಿಸಬೇಡಿ.

ಆದರೆ ನ್ಯೂ ಸೌತ್ ವೇಲ್ಸ್‌ನಲ್ಲಿ ಈ ಕಾನೂನು 1916ರಿಂದ 1955ರ ಫೆಬ್ರವರಿವರೆಗೆ ಮಾತ್ರ ಇತ್ತು. ಅಂದರೆ ನಿಮ್ಮ ರೈಲು ಓಡುವ ಹೊತ್ತಿಗೆ ಸಿಡ್ನಿಯ ಪಬ್ಬುಗಳು ರಾತ್ರಿವರೆಗೆ ತೆರೆದಿರುತ್ತಿದ್ದವು. ವಿಕ್ಟೋರಿಯಾದಲ್ಲಿ ಇದು 1966ರವರೆಗೆ, ದಕ್ಷಿಣ ಆಸ್ಟ್ರೇಲಿಯಾದಲ್ಲಿ 1967ರವರೆಗೆ ಮುಂದುವರಿಯಿತು. ಹಾಗಾಗಿ ಪಬ್ ಒಂದೋ ಹಳೆಯ ಸಿಡ್ನಿಯದು, ಇಲ್ಲವೇ ಮೆಲ್ಬರ್ನ್ ಅಥವಾ ಅಡಿಲೇಡ್‌ನದು. ಯಾರೋ ಬೇರೆ ಬೇರೆ ತುಂಡುಗಳನ್ನು ಅಂಟಿಸಿದ್ದಾರೆ.

ಊರು ತಿಳಿಯಲು ಬಿಯರ್ ಜಾಹೀರಾತು ಹುಡುಕಿ. ಟೂತ್ಸ್, ಟೂಹೀಸ್ ಇದ್ದರೆ ಸಿಡ್ನಿ ಕಡೆ, ಕಾರ್ಲ್‌ಟನ್ ಇದ್ದರೆ ಮೆಲ್ಬರ್ನ್, ವೆಸ್ಟ್ ಎಂಡ್ ಇದ್ದರೆ ಅಡಿಲೇಡ್. ಹೊರಗೆ ಟ್ರಾಮ್ ಕಂಡರೆ ಅದನ್ನೊಂದನ್ನೇ ನಂಬಬೇಡಿ. ಸಿಡ್ನಿಯಲ್ಲಿ ಟ್ರಾಮ್ 1961ರ ಫೆಬ್ರವರಿಯಲ್ಲಿ ನಿಂತಿತು, ಮೆಲ್ಬರ್ನ್‌ನಲ್ಲಿ ನಿಲ್ಲಲೇ ಇಲ್ಲ.

ಮೈಸೂರ್_ಫ್ರೇಮ್ಸ್

ವೇಗದ ಬಗ್ಗೆ. ಮನೆಬಳಕೆಯ ಮೂಕಿ ಕ್ಯಾಮೆರಾಗಳು ಸೆಕೆಂಡಿಗೆ 16 ಫ್ರೇಮ್ ತೆಗೆಯುತ್ತಿದ್ದವು. ಆಸ್ಟ್ರೇಲಿಯಾದ ಟಿವಿ, ವಿಡಿಯೋ ಎಲ್ಲ 25 ಫ್ರೇಮ್. ಒಂದು ಫ್ರೇಮಿಗೆ ಒಂದರಂತೆ ಹಾಕಿಬಿಟ್ಟರೆ ಜನ ಒಂದೂವರೆ ಪಟ್ಟಿಗಿಂತ ಜಾಸ್ತಿ ವೇಗದಲ್ಲಿ ಓಡಾಡುತ್ತಾರೆ.

ಎಡಿಟಿಂಗ್‌ನಲ್ಲಿ ಕ್ಲಿಪ್ಪಿನ ವೇಗ 64% ಮಾಡಿ. 18 ಫ್ರೇಮ್‌ನಲ್ಲಿ ತೆಗೆದದ್ದಾದರೆ 72%. ಯಾವುದು ಸರಿ ಅಂತ ನೋಡಲು ಜನರ ನಡಿಗೆಗಿಂತ ನೀರು ವಾಸಿ. ಫೆರಿಯ ಮುಂದೆ ಏಳುವ ಅಲೆ, ಗಾಜಿಗೆ ಸುರಿಯುವ ಬಿಯರು, ಇವು ಸಹಜವಾಗಿ ಬಿದ್ದರೆ ವೇಗ ಸರಿಯಾಗಿದೆ ಅಂತ. ಎರಡು ದೃಶ್ಯಗಳಿಗೆ ಬೇರೆ ಬೇರೆ ಅಂಕಿ ಬಂದರೆ ಬೇರೆ ಕ್ಯಾಮೆರಾ ಅನ್ನೋದಕ್ಕೂ ಅದು ಸುಳಿವು.

ನಿಧಾನ ಮಾಡುವ ಮೊದಲು ಫೈಲು ಇಂಟರ್‌ಲೇಸ್ಡ್ (ಒಂದೊಂದು ಫ್ರೇಮೂ ಗೆರೆ ಬಿಟ್ಟು ಗೆರೆಯ ಎರಡು ಅರ್ಧಗಳಾಗಿರುವುದು) ಇದೆಯಾ ನೋಡಿ. ಓಡುವ ಟ್ರಾಮಿನ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಮೊದಲು ಡಿಇಂಟರ್‌ಲೇಸ್ (ಆ ಅರ್ಧಗಳನ್ನು ಪೂರ್ಣ ಫ್ರೇಮ್ ಮಾಡುವುದು), ಆಮೇಲೆ ವೇಗ. ಕ್ರಮ ತಪ್ಪಿದರೆ ಎರಡು ಫ್ರೇಮ್ ಬೆರೆತು ನೆರಳು ನೆರಳಾಗುತ್ತೆ, ಮತ್ತೆ ಬಿಡಿಸೋಕಾಗಲ್ಲ. ಪಕ್ಕದ ಫ್ರೇಮ್‌ಗಳನ್ನು ಬೆರೆಸುವ "ಫ್ರೇಮ್ ಬ್ಲೆಂಡಿಂಗ್" ಆಫ್ ಮಾಡಿ. ಎಐ ಹಾಕಿ 60 ಫ್ರೇಮ್ ಮಾಡುವ ಆಸೆಯೂ ಬೇಡ. ಇಲ್ಲದ ಮುಖಭಾವ, ಇಲ್ಲದ ಅಕ್ಷರ ಹುಟ್ಟಿಸುತ್ತೆ. ದಾಖಲೆ ಅಂತ ತೋರಿಸುವಾಗ ಅದು ತಪ್ಪು.

ಮಾತಿರುವ ಸುದ್ದಿಚಿತ್ರಗಳಿಗೆ ಈ ಲೆಕ್ಕ ಬೇಡ, ಅವು 24 ಫ್ರೇಮ್. 25ಕ್ಕೆ ಏರಿಸಿದ್ದರೆ ಸ್ವರ ಸ್ವಲ್ಪ ತೆಳುವಾಗಿರುತ್ತೆ, 96% ಮಾಡಿದರೆ ಸರಿಹೋಗುತ್ತೆ.

ಪಿಚ್ಚರ್_ಪೆಟ್ಟಿಗೆ

ಬಣ್ಣ ಇದೆ ಅಂದಾಕ್ಷಣ 1975ರ ನಂತರದ್ದು ಅಂತ ತಿಳಿಯಬೇಡಿ ಮೇಡಂ. 1975ರ ಮಾರ್ಚ್ 1 ಬಣ್ಣದ ಟಿವಿ ಪ್ರಸಾರ ಅಧಿಕೃತವಾಗಿ ಶುರುವಾದ ದಿನ, ಅಷ್ಟೆ. 16 ಮಿಮೀ ಬಣ್ಣದ ಫಿಲ್ಮ್ ಕೊಡಾಕ್ರೋಮ್ 1935ರಿಂದಲೇ ಇತ್ತು. ಕಾಂಗರೂ ಧಾರಾವಾಹಿ ಸ್ಕಿಪ್ಪಿಯನ್ನು 1960ರ ದಶಕದ ಕೊನೆಯಲ್ಲಿ ಬಣ್ಣದಲ್ಲೇ ತೆಗೆದರು. ಊರಿನ ಜನ ಅದನ್ನು ಕಪ್ಪು ಬಿಳುಪಿನಲ್ಲಿ ನೋಡಿದರು.

ಕಡಲತೀರದಲ್ಲಿ ಸರ್ಫ್‌ಬೋರ್ಡ್ ನೋಡಿ. ತುಂಬಾ ಉದ್ದ, ಎರಡೂ ತುದಿ ಚೂಪು, ಒಳಗೆ ಟೊಳ್ಳಾದ ಪ್ಲೈವುಡ್ ಹಲಗೆಯಾದರೆ ಹಳೆಯ ಕಾಲದ್ದು. ಅಗಲವಾಗಿ, ಮೂತಿ ದುಂಡಗಿದ್ದು, ಅಡಿಯಲ್ಲಿ ರೆಕ್ಕೆ ಇದ್ದರೆ ಅದು ಮಾಲಿಬು. 1956ರ ಕೊನೆಯಲ್ಲಿ ಅಮೆರಿಕದ ಲೈಫ್‌ಗಾರ್ಡ್‌ಗಳು ಬಂದು ಪ್ರದರ್ಶನ ಕೊಟ್ಟ ಮೇಲೆ ಹರಡಿದ್ದು. ಗಿಡ್ಡ ಬೋರ್ಡ್ ಆದರೆ 1960ರ ದಶಕದ ಕೊನೆಗೆ ಬನ್ನಿ. ಲೈಫ್‌ಸೇವರ್‌ಗಳ ಹಗ್ಗ ಸುತ್ತಿದ ದೊಡ್ಡ ರಾಟೆಯಿಂದ ಕಾಲ ಹೇಳುವುದು ಕಷ್ಟ, ಅದು ದಶಕಗಟ್ಟಲೆ ಬಳಕೆಯಲ್ಲಿತ್ತು.

ಟಿವಿಯ ಮೊದಲ ರಾತ್ರಿ: ಸಿಡ್ನಿಯ ಟಿಸಿಎನ್ 9 ವಾಹಿನಿ, 1956ರ ಸೆಪ್ಟೆಂಬರ್ 16, ನಿರೂಪಕ ಬ್ರೂಸ್ ಜಿಂಜೆಲ್. ಎಲ್ಲ ಕಡೆ ತೋರಿಸುವ ತುಣುಕು ಆ ರಾತ್ರಿಯದಲ್ಲ, ಆಮೇಲೆ ಮತ್ತೆ ಮಾಡಿ ಚಿತ್ರಿಸಿಕೊಂಡದ್ದು. ಆಗ ಅಲ್ಲಿ ವಿಡಿಯೋಟೇಪ್ ಇರಲಿಲ್ಲ. ನೇರ ಪ್ರಸಾರ ಉಳಿಯಬೇಕಾದರೆ ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ತೆಗೆಯಬೇಕಿತ್ತು. ಹಾಗೆ ತೆಗೆದವುಗಳಲ್ಲಿ ಮೂಲೆಗಳು ದುಂಡಗೆ, ಅಡ್ಡಗೆರೆ ಕಾಣಿಸುತ್ತವೆ, ಬಿಳಿ ಭಾಗ ಉಕ್ಕಿ ಹರಡಿರುತ್ತದೆ. ಟೇಪ್ ಬಂದ ಮೇಲೂ ದುಬಾರಿ ಅಂತ ಅಳಿಸಿ ಮರುಬಳಕೆ ಮಾಡಿದರು. ಸರ್ಕಾರಿ ವಾಹಿನಿ ಎಬಿಸಿಯ ಕೌಂಟ್‌ಡೌನ್ ಸಂಗೀತ ಕಾರ್ಯಕ್ರಮದ ಮೊದಮೊದಲ ಕಂತುಗಳು ಬಹಳಷ್ಟು ಹೋದದ್ದು ಹಾಗೇ. ಆದ್ದರಿಂದ "ಮೊದಲ ಪ್ರಸಾರದ ಮರುಚಿತ್ರಣ" ಅಂತ ಬರೆಯಿರಿ.

ದಾಖಲೆಮನೆ

ಎರಡು ಮಾತು ಸೇರಿಸುತ್ತೇನೆ.

ಮೂಲ ಪ್ರತಿಗಾಗಿ ಕ್ಯಾನ್‌ಬೆರಾದ ನ್ಯಾಷನಲ್ ಫಿಲ್ಮ್ ಆಂಡ್ ಸೌಂಡ್ ಆರ್ಕೈವ್‌ನ ಕ್ಯಾಟಲಾಗ್ ಹುಡುಕಿ. ಸಿನೆಸೌಂಡ್, ಮೂವಿಟೋನ್ ಸುದ್ದಿಚಿತ್ರಗಳೂ ಅಲ್ಲಿವೆ. ಹಳೆಯ ಪತ್ರಿಕೆಗಳಿಗೆ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣ ಟ್ರೋವ್ ಇದೆ, ಆದರೆ ಸಿಡ್ನಿ ಮಾರ್ನಿಂಗ್ ಹೆರಾಲ್ಡ್ ಅದರಲ್ಲಿ 1954ಕ್ಕೆ ನಿಲ್ಲುತ್ತದೆ. 1956-58ಕ್ಕೆ ಕ್ಯಾನ್‌ಬೆರಾ ಟೈಮ್ಸ್ ಮತ್ತು ವಿಮೆನ್ಸ್ ವೀಕ್ಲಿ ನೋಡಿ. ಫಿಲ್ಮೇ ಕೈಗೆ ಸಿಕ್ಕರೆ ಅಂಚಿನಲ್ಲಿ ಕೊಡಾಕ್‌ನ ವೃತ್ತ, ಚೌಕ, ತ್ರಿಕೋನ ಚಿಹ್ನೆಗಳಿರುತ್ತವೆ. ಅವು ಹೇಳುವುದು ಫಿಲ್ಮ್ ತಯಾರಾದ ವರ್ಷವನ್ನು, ಚಿತ್ರೀಕರಣದ ವರ್ಷವನ್ನಲ್ಲ. ಅವು 20 ವರ್ಷಕ್ಕೊಮ್ಮೆ ಮರುಕಳಿಸುತ್ತವೆ ಕೂಡ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಪ್ರೊಜೆಕ್ಟರಿಗೆ ಹಾಕಲೇಬೇಡಿ. ಫಿಲ್ಮ್ ಕುಗ್ಗಿರುತ್ತದೆ, ಹಲ್ಲಿಗೆ ಸಿಕ್ಕಿ ರಂಧ್ರಗಳು ಹರಿಯುತ್ತವೆ.

ಮೂಲನಿವಾಸಿಗಳ ಅಥವಾ ಟಾರಸ್ ಜಲಸಂಧಿಯ ದ್ವೀಪವಾಸಿಗಳ ದೃಶ್ಯ ಸೇರಿಸುವುದಾದರೆ, ತೀರಿಕೊಂಡವರ ಚಿತ್ರ, ಧ್ವನಿ ಇರಬಹುದು ಎಂಬ ಎಚ್ಚರಿಕೆಯನ್ನು ಮೊದಲೇ ಹಾಕಿ. ಅಲ್ಲಿ ಅದು ರೂಢಿಯಲ್ಲಿರುವ ಮರ್ಯಾದೆ. ವಿಧಿ ಆಚರಣೆಗಳ ಕೆಲವು ಚಿತ್ರಗಳನ್ನು ಆಯಾ ಸಮುದಾಯದ ಒಪ್ಪಿಗೆ ಇಲ್ಲದೆ ತೋರಿಸುವ ಹಾಗಿಲ್ಲ. ಅಂಥವಕ್ಕೆ ಈ ಸಮುದಾಯಗಳ ಅಧ್ಯಯನಕ್ಕಿರುವ ಕ್ಯಾನ್‌ಬೆರಾದ ಐಯಾಟ್ಸಿಸ್ (AIATSIS) ಸಂಸ್ಥೆಯನ್ನು ಕೇಳಿ.

ಅಡಿಬರಹ ಹೀಗಿರಲಿ: ಮೊದಲನೆಯದಕ್ಕೆ "ಸರ್ಕ್ಯುಲರ್ ಕೀ, ಸಿಡ್ನಿ, 1956-58". ಎರಡನೆಯದಕ್ಕೆ ಬಿಯರ್ ಬೋರ್ಡ್ ಸಿಗುವ ತನಕ ಊರಿನ ಹೆಸರು ಬೇಡ, "ಆರು ಗಂಟೆಗೆ ಮುಚ್ಚುವ ಪಬ್" ಎಂದಷ್ಟೇ ಹಾಕಿ. ಮೂರನೆಯದರ ಸರ್ಫ್‌ಬೋರ್ಡ್‌ಗಳ ಒಂದು ಸ್ಥಿರಚಿತ್ರ ಇಲ್ಲಿ ಹಾಕಿದರೆ ನೋಡಿ ಹೇಳುತ್ತೇವೆ.