ಹನ್ನೊಂದನೇ ಕ್ಲಾಸ್ ಅರ್ಧಕ್ಕೆ ಬಿಟ್ಟು ಸ್ಪೇನ್‌ಗೆ ಕಳಿಸೋದಾ?

ಅಕ್ಕ, ಇಲ್ಲಿ ಅಮೆರಿಕದಲ್ಲಿ ಹನ್ನೊಂದನೇ ಕ್ಲಾಸ್ ಓದುತ್ತಿರುವ ನಿಮ್ಮ ಮಗನ ವಿಷಯ ಈ ಗ್ರೂಪಲ್ಲಿ ಓದಿದೆ. ಏಜೆಂಟ್ ಪೇಪರ್ ಕಳಿಸಿದ್ದಾರೆ, ಹುಡುಗ ಸ್ಪೇನ್‌ನ ಬ್ಯಾಸ್ಕೆಟ್‌ಬಾಲ್ ಕ್ಲಬ್‌ಗೆ ಹೋಗಲೇಬೇಕು ಅಂತಿದ್ದಾನೆ, ಮನೆಯಲ್ಲಿ ದಿನಾ ಜಗಳ. ಇಲ್ಲಿ ಅರ್ಧ ಜನ "ಓದು ಮೊದಲು" ಅಂದರು. ಇನ್ನರ್ಧ ಜನ "ಮಗುವಿನ ಆಸೆಗೆ ಅಡ್ಡ ಬರಬೇಡಿ" ಅಂದರು. ಎರಡರಿಂದಲೂ ನಿಮಗೆ ಏನೂ ಉಪಯೋಗ ಇಲ್ಲ. ಮೂರು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ಕಥೆ ಆಗಿತ್ತು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಮ್ಮವನಿಗೆ ಆಗ 16 ವರ್ಷ, ಆರಡಿ ಮೂರಿಂಚು. ದಾವಣಗೆರೆಯಿಂದ ಅವನ ಅಜ್ಜಿ ವಿಡಿಯೋ ಕಾಲ್‌ನಲ್ಲಿ "ಇವನು ಊರಿಗೆ ಬಂದ್ರೆ ಬಾಗಿಲು ಎತ್ತರ ಮಾಡಿಸಬೇಕು" ಅಂತ ನಗುತ್ತಿದ್ದರು. ಶನಿವಾರ ಬೆಳಕಾಗುವ ಮೊದಲೇ ಕಾರು ಹೊರಡಬೇಕು, ಹಿಂದಿನ ಸೀಟಲ್ಲಿ ಚಿತ್ರಾನ್ನದ ಡಬ್ಬಿ, ಒದ್ದೆ ಸಾಕ್ಸಿನ ವಾಸನೆ, ಮೂರು ಗಂಟೆ ಡ್ರೈವ್, ಭಾನುವಾರದ ಕನ್ನಡ ಕ್ಲಾಸ್‌ಗೆ ಚಕ್ಕರ್. ಇಂಥದ್ದೇ ಒಂದು ಟೂರ್ನಮೆಂಟಲ್ಲಿ ಒಬ್ಬ ಮನುಷ್ಯ ಬಂದು ಕಾರ್ಡ್ ಕೊಟ್ಟ. ವಾರದಲ್ಲಿ ಕಾಂಟ್ರಾಕ್ಟ್ ಬಂತು, 14 ಪುಟ. ನನ್ನ ಹೆಂಡತಿ ಉಪ್ಪಿನಕಾಯಿ ಬಾಟಲಿಯ ಲೇಬಲ್ಲನ್ನೂ ಬಿಡದೆ ಓದುವವಳು. ಅವಳು ಹನ್ನೊಂದನೇ ಪುಟದಲ್ಲಿ ಹಿಡಿದಳು. ಮೊದಲ ವರ್ಷ ಸಂಬಳ ಇಲ್ಲ, ನಾವೇ ಟ್ರೈನಿಂಗ್ ಫೀಸ್ ಕಟ್ಟಬೇಕು. ಸ್ಕೂಲು "ಆಟಗಾರನ ಜವಾಬ್ದಾರಿ". ಪ್ರಾಕ್ಟೀಸ್‌ನಲ್ಲಿ ಮಂಡಿ ಹೋದರೆ ಇನ್ಶೂರೆನ್ಸ್ ಬರಲ್ಲ, ಮ್ಯಾಚ್‌ನಲ್ಲಿ ಹೋದರೆ ಮಾತ್ರ ಬರುತ್ತೆ. ಮಂಡಿ ಹೋಗೋದು ಎಲ್ಲಿ ಅಂತ ಆಡಿದವರಿಗೆ ಗೊತ್ತು, ಅಲ್ವಾ?

ನಿಮ್ಮ ಪೇಪರಲ್ಲೂ ಮೊದಲು ಇವನ್ನೇ ಹುಡುಕಿ. ನೀಟಾಗಿದ್ದರೆ ಒಳ್ಳೇದೇ.

ಸ್ಕೂಲ್ ಬಿಡೋದೇ ದೊಡ್ಡ ತಪ್ಪು ಅಂತ ನಾನು ಹೇಳಲ್ಲ. ಯಾರ ಜೊತೆ ಹೋಗುತ್ತಾನೆ, ಸರಿಹೋಗದಿದ್ದರೆ ಯಾವ ದಾರಿಯಲ್ಲಿ ವಾಪಸ್ ಬರುತ್ತಾನೆ, ನನ್ನ ತಲೆಬಿಸಿ ಅಷ್ಟೇ. ಹಳೇ ಕೇಸ್‌ಗಳನ್ನು ನೋಡಿ. 2008ರಲ್ಲಿ ಇಲ್ಲಿನ ಬ್ಯಾಸ್ಕೆಟ್‌ಬಾಲ್ ಹುಡುಗ ಬ್ರ್ಯಾಂಡನ್ ಜೆನ್ನಿಂಗ್ಸ್ ಕಾಲೇಜಿಗೆ ಸೇರದೆ ರೋಮ್‌ಗೆ ಹೋದ. ಅಲ್ಲಿ ಅವನನ್ನು ಜಾಸ್ತಿ ಆಡಿಸಲೇ ಇಲ್ಲ. ಆದರೆ ಹೈಸ್ಕೂಲ್ ಮುಗಿಸಿ ಹೋಗಿದ್ದ, ಅಮ್ಮ ಮತ್ತು ತಮ್ಮ ಜೊತೆಗೇ ಹೋಗಿ ಅಲ್ಲೇ ಮನೆ ಮಾಡಿದ್ದರು. ಮುಂದಿನ ವರ್ಷ ಎನ್‌ಬಿಎ (ಇಲ್ಲಿನ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್) ಡ್ರಾಫ್ಟ್‌ನಲ್ಲಿ, ಅಂದ್ರೆ ಟೀಮ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸೋದರಲ್ಲಿ, ಹತ್ತನೆಯವನಾಗಿ ಮಿಲ್ವಾಕಿ ಟೀಮ್‌ಗೆ ಬಂದ, ಬಂದ ವರ್ಷವೇ ಒಂದು ಮ್ಯಾಚ್‌ನಲ್ಲಿ 55 ಪಾಯಿಂಟ್ ಹೊಡೆದ. ಅದನ್ನು ನೋಡಿಕೊಂಡು 2009ರಲ್ಲಿ ಸ್ಯಾನ್ ಡಿಯೇಗೋದ ಜೆರೆಮಿ ಟೈಲರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಹೈಸ್ಕೂಲಿನ ಕೊನೇ ವರ್ಷವನ್ನೇ ಬಿಟ್ಟು ಇಸ್ರೇಲ್‌ನ ಮಕ್ಕಾಬಿ ಹೈಫಾ ಸೇರಿದ. 1,40,000 ಡಾಲರ್ ಸಂಬಳ. ಹತ್ತು ಮ್ಯಾಚ್ ಆಡಿ, ಸೀಸನ್ ಮುಗಿಯುವ ಮೊದಲೇ ವಾಪಸ್ ಬಂದ. ಆಮೇಲೆ ಟೋಕಿಯೋ ಟೀಮ್ ಸೇರಿದರೆ 2011ರ ಭೂಕಂಪಕ್ಕೆ ಆ ಸೀಸನ್ನೂ ಅರ್ಧಕ್ಕೆ ನಿಂತಿತು. ಡ್ರಾಫ್ಟ್ ಆಗಿದ್ದು 39ನೆಯವನಾಗಿ. ಎನ್‌ಬಿಎ ಮುಟ್ಟಲಿಲ್ಲ ಅಂತಲ್ಲ, ಮುಟ್ಟಿದ, ಆದರೆ ನೆಲೆ ನಿಲ್ಲಲಿಲ್ಲ. ಇವನಿಗೆ ಟ್ಯಾಲೆಂಟ್ ಕಮ್ಮಿ ಇತ್ತು ಅಂತ ಯಾರೂ ಹೇಳಿರಲಿಲ್ಲ.

ಎನ್‌ಬಿಎ ಆಟಗಾರ ಲಮೆಲೋ ಬಾಲ್ ಹೆಸರು ನಿಮ್ಮ ಮಗ ಖಂಡಿತ ತೆಗೆದಿರುತ್ತಾನೆ. ನಮ್ಮವನೂ ತೆಗೆದಿದ್ದ. ಹೌದು, 16ಕ್ಕೆ ಸ್ಕೂಲ್ ಬಿಟ್ಟು ಲಿಥುವೇನಿಯಾದ ಪ್ರಿಯೆನಾಯ್ ಅನ್ನೋ ಪುಟ್ಟ ಊರಿಗೆ ಹೋದ. ಜೊತೆಗೆ ಅಣ್ಣ ಇದ್ದ, ಅಪ್ಪನೂ ಅಲ್ಲೇ ಬೀಡು ಬಿಟ್ಟಿದ್ದ. ಅಲ್ಲಿಂದ ವಾಪಸ್ ಬಂದು ಒಹಾಯೋದಲ್ಲಿ ಹೈಸ್ಕೂಲ್ ಮುಗಿಸಿ, ಆಮೇಲೆ ಆಸ್ಟ್ರೇಲಿಯಾಗೆ ಹೋಗಿ, 2020ರ ಡ್ರಾಫ್ಟ್‌ನಲ್ಲಿ ಮೂರನೆಯವನಾದ. ಹೈಸ್ಕೂಲ್ ಮುಗಿಸಿದ ಅನ್ನೋ ಭಾಗ ಮಾತ್ರ ಈ ಹುಡುಗರ ಕಿವಿಗೆ ಬೀಳಲ್ಲ.

ಈಗ ನಮ್ಮಂಥವರ ತಲೆನೋವಿಗೆ ಬರೋಣ. ನಿಮ್ಮ ಮಗ ಇಲ್ಲೇ ಹುಟ್ಟಿದವನಾ, ಗ್ರೀನ್ ಕಾರ್ಡಾ, ಎಚ್‌4ಆ (ಎಚ್‌1ಬಿ ಕೆಲಸದ ವೀಸಾದವರ ಮನೆಯವರಿಗೆ ಕೊಡೋ ವೀಸಾ)? ನೀವು ಬರೆದಿಲ್ಲ. ಇಲ್ಲಿನ ಸಿಟಿಜನ್ ಆಗಿದ್ದರೆ ಈ ಪ್ಯಾರಾ ಬಿಡಿ. ಗ್ರೀನ್ ಕಾರ್ಡ್ ಇದ್ದರೆ, ಆರು ತಿಂಗಳು ದಾಟಿ ಹೊರಗಿದ್ದರೆ ಮುಂದೆ ಸಿಟಿಜನ್‌ಶಿಪ್ ಲೆಕ್ಕಕ್ಕೆ ಪೆಟ್ಟು, ರೀಎಂಟ್ರಿ ಪರ್ಮಿಟ್ ಇಲ್ಲದೆ ವರ್ಷ ದಾಟಿದರೆ ಕಾರ್ಡಿಗೇ ಕುತ್ತು. ಬ್ಯಾಸ್ಕೆಟ್‌ಬಾಲ್ ಸೀಸನ್ ಎಷ್ಟು ತಿಂಗಳು ಅಂತ ಲೆಕ್ಕ ಹಾಕಿ. ಎಚ್‌4 ಆದರೆ ಇನ್ನೂ ಕಷ್ಟ. ವಾಪಸ್ ಬರೋಕೆ ಪಾಸ್‌ಪೋರ್ಟಲ್ಲಿ ವೀಸಾ ಸ್ಟಾಂಪಿಂಗ್, 21 ತುಂಬಿದರೆ ಅದೂ ಇಲ್ಲ, ಇಲ್ಲಿ ದುಡಿಯೋ ಹಾಗೂ ಇಲ್ಲ. ಕೋಚ್‌ಗೆ ಇದೆಲ್ಲ ಗೊತ್ತಿರಲ್ಲ, ಏಜೆಂಟ್ ಹೇಳಲ್ಲ. ಲಾಯರ್‌ಗೆ ಒಂದು ಗಂಟೆಯ ಫೀಸ್ ಕೊಟ್ಟು ಕೇಳಿ, ದಂಡ ಅಲ್ಲ.

ಇನ್ನೊಂದು, 18 ತುಂಬದ ಹುಡುಗರು ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶಕ್ಕೆ ಸುಮ್ನೆ ಹೋಗೋ ಹಾಗಿಲ್ಲ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫೀಬಾ ವಿಶೇಷ ಸಂದರ್ಭಗಳಲ್ಲಿ ಮಾತ್ರ ಒಪ್ಪುತ್ತೆ, ಓದಿಗೆ ಏನು ಏರ್ಪಾಡು ಅಂತಲೂ ನೋಡುತ್ತೆ. ಏಜೆಂಟ್‌ಗೆ ಇದನ್ನು ಕೇಳಿ, ಮುಖ ನೋಡಿ.

ದುಡ್ಡಿನ ಮಾತು. ಜೆನ್ನಿಂಗ್ಸ್ ಕಾಲದಲ್ಲಿ ಕಾಲೇಜ್ ಆಟಗಾರರು ಒಂದು ರೂಪಾಯಿ ಮುಟ್ಟೋ ಹಾಗಿರಲಿಲ್ಲ, ಅದಕ್ಕೇ ಹೊರದೇಶ ಆಕರ್ಷಣೆ ಆಗಿತ್ತು. 2021ರಿಂದ ಜಾಹೀರಾತಿನ ದುಡ್ಡು ತಗೋಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು, ಒಂದು ಕಾಲೇಜಿಗೆ ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ. ಈಗ ಗಾಳಿ ಉಲ್ಟಾ ಬೀಸುತ್ತಿದೆ. ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ಕ್ಲಬ್‌ನಲ್ಲಿ ಬೆಳೆದ ಎಗೊರ್ ದ್ಯೋಮಿನ್ 2024ರಲ್ಲಿ ಯೂಟಾದ ಬ್ರಿಗಮ್ ಯಂಗ್ ಯೂನಿವರ್ಸಿಟಿಗೆ ಬಂದು, ಮರುವರ್ಷ ಎನ್‌ಬಿಎಗೆ ಎಂಟನೆಯವನಾಗಿ ಹೋದ. ಅವರು ಅಲ್ಲಿಂದ ಇಲ್ಲಿಗೆ ಬರುವಾಗ ನಾವು ಇಲ್ಲಿಂದ ಅಲ್ಲಿಗೆ, ಅದೂ ಫೀಸ್ ಕಟ್ಟಿ! ಆದರೆ ಆ ಕಾಲೇಜ್ ಬಾಗಿಲು ತೆರೆದಿರಬೇಕಾದರೆ ಕಾಲೇಜ್ ಆಟದ ಮೇಲಿನ ಹಂತವಾದ ಡಿವಿಷನ್ ಒಂದಕ್ಕೆ ಹೈಸ್ಕೂಲಿನ 16 ಕೋರ್ ಕೋರ್ಸ್ (ಇಂಗ್ಲಿಷ್, ಗಣಿತದಂಥ ಮುಖ್ಯ ವಿಷಯಗಳು) ಬೇಕು, ಅದರಲ್ಲಿ 10 ಹನ್ನೆರಡನೇ ಕ್ಲಾಸ್ ಶುರುವಾಗುವ ಮೊದಲೇ ಮುಗಿದಿರಬೇಕು. ಹನ್ನೊಂದನೇದನ್ನು ಅರ್ಧಕ್ಕೆ ಬಿಟ್ಟರೆ ಸರಿಯಾಗಿ ಇಲ್ಲೇ ಕೈಕೊಡುತ್ತೆ. ಆನ್‌ಲೈನ್ ಸ್ಕೂಲ್ ಸೇರಿಸ್ತೀವಿ ಅಂದರೆ ಆ ಕೋರ್ಸನ್ನು ಎನ್‌ಸಿಎಎ (ಕಾಲೇಜ್ ಆಟಗಳನ್ನು ನಡೆಸೋ ಸಂಸ್ಥೆ) ಒಪ್ಪುತ್ತಾ ಅಂತ ಮೊದಲು ನೋಡಿ.

ಯಾರೋ ನ್ಯೂಜಿಲೆಂಡ್ ಕ್ರಿಕೆಟರ್ ರಚಿನ್ ರವೀಂದ್ರ ಹೆಸರು ಹೇಳಿದ್ದರು. ನಮ್ಮ ಬೆಂಗಳೂರಿನ ಕುಟುಂಬದ ಹುಡುಗ, ಚಿನ್ನಸ್ವಾಮಿಯಲ್ಲಿ ಸೆಂಚುರಿ ಹೊಡೆದಾಗ ನಾವೂ ಮನೆಯಲ್ಲಿ ಕುಣಿದಿದ್ದೇ. ಆದರೆ ಅವನು ಬೆಳೆದಿದ್ದು ವೆಲಿಂಗ್ಟನ್‌ನಲ್ಲಿ ಅಪ್ಪ ಅಮ್ಮನ ಜೊತೆ, ಅಪ್ಪನೇ ಕ್ಲಬ್ ಕಟ್ಟಿ ಹುಡುಗರನ್ನು ಇಂಡಿಯಾಗೆ ಆಡಿಸೋಕೆ ಕರಕೊಂಡು ಬರುತ್ತಿದ್ದರು. ಆ ಉದಾಹರಣೆ ನನ್ನ ಮಾತಿಗೇ ಸೇರುತ್ತೆ.

ನೀವಿಬ್ಬರಲ್ಲಿ ಒಬ್ಬರು ಒಂದು ವರ್ಷ ರಿಮೋಟ್ ಕೆಲಸ ತಗೊಂಡು ಅವನ ಜೊತೆ ಹೋಗೋಕೆ ಆಗುತ್ತೆ ಅಂದರೆ, ನಾನು ಹೋಗಲಿ ಅಂತಲೇ ಹೇಳೋನು. ನಮಗೆ ಆಗಲಿಲ್ಲ. ಬೇಡ ಅಂದೆವು. ಎರಡು ವಾರ ಮಾತು ಬಿಟ್ಟ, ಸಾರನ್ನ ತಟ್ಟೆ ತಗೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಆಮೇಲೆ ಒಂದಿಂಚೂ ಬೆಳೆಯಲಿಲ್ಲ. ಈಗ ಡಿವಿಷನ್ ಮೂರರ ಕಾಲೇಜಿನಲ್ಲಿ ಆಡುತ್ತಾನೆ, ಅಲ್ಲಿ ಆಟದ ಸ್ಕಾಲರ್‌ಶಿಪ್ ಅನ್ನೋದೇ ಇಲ್ಲ. ಬೆಂಚಲ್ಲಿ ಕೂರೋದೇ ಜಾಸ್ತಿ.

ಕಾಂಟ್ರಾಕ್ಟ್ ಪಿಡಿಎಫ್ ನನಗೆ ಕಳಿಸಿ, ಹೆಂಡತಿ ಕೈಗೆ ಕೊಡುತ್ತೇನೆ. ನಮ್ಮವನ ನಂಬರೂ ಕೊಡುತ್ತೇನೆ, ಹುಡುಗರಿಬ್ಬರೂ ಮಾತಾಡಿಕೊಳ್ಳಲಿ. ಅವನಿಗೆ ನನ್ನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಹಾಗಾಗಿ ಅಪ್ಪ ಹೇಳಿಕೊಟ್ಟಿದ್ದನ್ನೇ ಹೇಳುತ್ತಾನೆ ಅನ್ನೋ ಅನುಮಾನ ನಿಮ್ಮ ಮಗನಿಗೆ ಬೇಡ.