ಎಂಜಿನ್ ಬದಲಾಯಿಸಿದ ಮೇಲೆ ಆಯಿಲ್ ಪ್ರೆಶರ್ ಏರುತ್ತಿಲ್ಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಟ್ರಕ್ಕಿಗೆ ಬೇರೆ ಎಂಜಿನ್ ಕೂರಿಸಿ ಒಂದು ವಾರ ಆಯ್ತು. ಸೆಕೆಂಡ್ ಹ್ಯಾಂಡ್ ಡೀಸೆಲ್ ಎಂಜಿನ್, ಆದ್ರೆ ಅದರ ಆಯಿಲ್ ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಆಕ್ಸಲ್‌ಗೆ ತಾಗುತ್ತಿತ್ತು ಅಂತ ಹಳೆಯ ಎಂಜಿನ್‌ದೇ ಚೇಂಬರ್, ಸ್ಟ್ರೈನರ್ ಪೈಪ್ (ಚೇಂಬರ್‌ನಿಂದ ಪಂಪಿಗೆ ಆಯಿಲ್ ಎಳೆಯುವ ಜಾಲರಿ ಪೈಪ್) ಎರಡನ್ನೂ ಬಿಚ್ಚಿ ಇದಕ್ಕೆ ಹಾಕಿದ್ದೇವೆ. ಬೆಳಿಗ್ಗೆ ತಣ್ಣಗಿದ್ದಾಗಲೂ ಮುಳ್ಳು 1.5 ಬಾರ್ ದಾಟುವುದಿಲ್ಲ. ಬಿಸಿಯಾದರೆ ಐಡ್ಲಿಂಗ್‌ನಲ್ಲಿ 0.5ಕ್ಕೆ ಇಳಿದು ಕೆಂಪು ದೀಪ ಮಿನುಗುತ್ತದೆ. ಆಯಿಲ್ 15ಡಬ್ಲ್ಯೂ-40 ಗ್ರೇಡ್, ಮಟ್ಟ ಸರಿ ಇದೆ, ಫಿಲ್ಟರ್ ಹೊಸದು. ಬೇರಿಂಗ್ ಸವೆದಿದೆ, ಎಂಜಿನ್ ಪೂರ್ತಿ ಬಿಚ್ಚಬೇಕು ಅಂತಿದ್ದಾರೆ. ನಿಜಾನಾ?

ಉತ್ತರ:
ಸರ್, ಮೊದಲು ಗಾಡಿ ಓಡಿಸೋದು ನಿಲ್ಲಿಸಿ. ಒಳ್ಳೆ ಬೇರಿಂಗ್ ಕೂಡ ಈ ಪ್ರೆಶರ್‌ನಲ್ಲಿ ಲೋಡ್ ಎಳೆದರೆ ಉಳಿಯಲ್ಲ.

ಡ್ಯಾಶ್‌ಬೋರ್ಡಿನ ಗೇಜ್ ಒಂದನ್ನೇ ನಂಬಬೇಡಿ. ಹೊಸ ಎಂಜಿನ್ ಜೊತೆ ಬಂದ ಸೆನ್ಸರ್ ನಿಮ್ಮ ಗೇಜಿಗೆ ಹೊಂದದಿದ್ದರೆ ಸುಮ್ನೆ ತಪ್ಪು ತೋರಿಸುತ್ತದೆ. ಸೆನ್ಸರ್ ಬಿಚ್ಚಿ, ಆ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಿ ನೋಡಿ. ಮ್ಯಾನುಯಲ್ ಇದ್ದರೆ ಅದರ ಲೆಕ್ಕವೇ ಕೊನೆ. ಇಲ್ಲದಿದ್ದರೆ ಬಿಸಿ ಎಂಜಿನ್‌ಗೆ ಪ್ರತಿ 1000 ಆರ್‌ಪಿಎಂಗೆ ಸುಮಾರು 0.7 ಬಾರ್ ಅನ್ನೋದು ಹಳೆಯ ಅಂದಾಜು.

ನನಗೆ ಬೇರಿಂಗ್ ಮೇಲೆ ಅಷ್ಟು ಅನುಮಾನ ಇಲ್ಲ. ಬೇರಿಂಗ್ ಸವೆದಿದ್ದರೆ ಸಾಮಾನ್ಯವಾಗಿ ತಣ್ಣಗಿದ್ದಾಗ, ಆಯಿಲ್ ದಪ್ಪ ಇರೋದರಿಂದ, ಪ್ರೆಶರ್ ಚೆನ್ನಾಗಿಯೇ ಬಂದು ಬಿಸಿಯಾದ ಮೇಲೆ ಬೀಳುತ್ತದೆ. ನಿಮ್ಮದು ತಣ್ಣಗಿದ್ದಾಗಲೇ ಕಮ್ಮಿ, ಅಲ್ವಾ? ಅಂದ್ರೆ ಬಹುಶಃ ಪಂಪಿಗೆ ಆಯಿಲ್ ಸರಿಯಾಗಿ ಸಿಗುತ್ತಿಲ್ಲ, ಇಲ್ಲವೇ ರಿಲೀಫ್ ವಾಲ್ವ್ (ಪ್ರೆಶರ್ ಜಾಸ್ತಿಯಾದರೆ ಆಯಿಲ್ ಬಿಟ್ಟುಬಿಡುವ ವಾಲ್ವ್) ತೆರೆದೇ ಸಿಕ್ಕಿಕೊಂಡಿದೆ. ಸ್ಟ್ರೈನರ್ ಪೈಪ್ ಬದಲಾಯಿಸಿದ್ದೇವೆ ಅಂದ್ರಲ್ಲ, ಪೈಪ್ ಪಂಪಿಗೆ ಸೇರುವ ಕಡೆಯ ಓ-ರಿಂಗ್ (ಸಂದು ಮುಚ್ಚುವ ರಬ್ಬರ್ ಉಂಗುರ) ಹೊಸದು ಹಾಕಿದ್ರಾ? ಅಲ್ಲಿ ಚೂರು ಸಂದು ಇದ್ದರೂ ಪಂಪ್ ಆಯಿಲ್ ಜೊತೆ ಗಾಳಿಯನ್ನೂ ಎಳೆಯುತ್ತದೆ.

ಒಂದು ಪರೀಕ್ಷೆ ಇದೆ. ಒಂದು ಲೀಟರ್ ಆಯಿಲ್ ಜಾಸ್ತಿ ಹಾಕಿ, ಒಂದೆರಡು ನಿಮಿಷ ಬರೀ ಐಡ್ಲಿಂಗ್‌ನಲ್ಲಿ ಬಿಡಿ. ಆ ಜಾಯಿಂಟ್ ಆಯಿಲ್‌ನಲ್ಲಿ ಮುಳುಗಿದರೆ ಗಾಳಿ ಹೋಗಲ್ಲ, ಪ್ರೆಶರ್ ಏರುತ್ತದೆ. ಏರದಿದ್ದರೆ ಓ-ರಿಂಗ್ ಸರಿ ಇದೆ ಅಂತ ತೀರ್ಮಾನಿಸಬೇಡಿ, ಜಾಯಿಂಟ್ ಇನ್ನೂ ಮೇಲಿರಬಹುದು. ನೋಡಿದ ಮೇಲೆ ಆ ಲೀಟರ್ ತೆಗೆದುಬಿಡಿ. ಹಾಗೇ ಡಿಪ್‌ಸ್ಟಿಕ್ ಮೂಸಿ ನೋಡಿ, ಡೀಸೆಲ್ ವಾಸನೆ ಬಂದರೆ ಆಯಿಲ್‌ಗೆ ಡೀಸೆಲ್ ಸೇರಿ ತೆಳುವಾಗುತ್ತಿದೆ ಅಂತ, ಅದು ಬೇರೆಯೇ ಕಥೆ.

ಕೇಳಿದವರು ಮತ್ತೆ:
ಅಣ್ಣ, ಮೆಕ್ಯಾನಿಕಲ್ ಗೇಜ್ ಹಾಕಿದೆ, ಬಿಸಿ ಐಡ್ಲಿಂಗ್ 0.6. ಅಂದ್ರೆ ನಿಜವಾಗಿಯೂ ಕಮ್ಮಿ. ಆಯಿಲ್ ಜಾಸ್ತಿ ಹಾಕಿದ ತಕ್ಷಣ 1.4ಕ್ಕೆ ಏರಿತು! ಚೇಂಬರ್ ಇಳಿಸಿದರೆ ಹಳೆಯ ಓ-ರಿಂಗೇ ಇತ್ತು, ಗಟ್ಟಿಯಾಗಿ ಒಂದು ಕಡೆ ಕತ್ತರಿಸಿಹೋಗಿದೆ. ಹೊಸದು ತಂದಿದ್ದೇನೆ.

ಉತ್ತರ:
ತುಂಬಾ ಸಂತೋಷ ಆಯ್ತು ಸರ್. ರಿಂಗಿಗೆ ಆಯಿಲ್ ಸವರಿ, ಪೈಪನ್ನು ಕೈಯಲ್ಲೇ ನೇರವಾಗಿ ಪೂರ್ತಿ ಒತ್ತಿ ಕೂರಿಸಿ, ಆಮೇಲೆ ಬೋಲ್ಟ್ ಬಿಗಿಮಾಡಿ. ಬೋಲ್ಟಿನಿಂದ ಎಳೆದು ಕೂರಿಸಿದರೆ ಇದೂ ಕತ್ತರಿಸುತ್ತದೆ. ಹಳೆಯ ಫಿಲ್ಟರ್ ಬಿಸಾಡಬೇಡಿ, ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ. ಒಂದು ವಾರ ಓಡಿದೆ, ಹೊಳೆಯುವ ಪುಡಿ ಇದ್ದರೆ ಚೇಂಬರ್ ಕೆಳಗಿರುವಾಗಲೇ ಬೇರಿಂಗ್ ಕ್ಯಾಪ್ ಬಿಚ್ಚಿ ನೋಡಬಹುದು.

ಕೇಳಿದವರು ಮತ್ತೆ:
ಫಿಲ್ಟರ್‌ನಲ್ಲಿ ಪುಡಿ ಏನೂ ಇರಲಿಲ್ಲ. ಈಗ ತಣ್ಣಗಿದ್ದಾಗ 4.5, ಬಿಸಿ ಐಡ್ಲಿಂಗ್ 1.8, 2000 ಆರ್‌ಪಿಎಂಗೆ 3.5 ಬಾರ್. ದೀಪ ಆರಿದೆ.